ಮಗಳಿಗೆ ಐದು ವರ್ಷ, ಮಗನಿಗೆ ಹನ್ನೊಂದು: ದೊಡ್ಡ ಥೀಮ್ ಪಾರ್ಕಿಗೆ ಅಷ್ಟು ಖರ್ಚು ಮಾಡಬಹುದಾ?

ನಿಮ್ಮ ಪ್ರಶ್ನೆ ಓದಿದೆ. ನಮ್ಮ ಕಾಸರಗೋಡಿನ ಬದಿಯಡ್ಕದ ಕಡೆಯವರು, ಗಂಡ ಹೆಂಡತಿ, ಹನ್ನೊಂದು ವರ್ಷದ ಮಗ, ಐದು ವರ್ಷದ ಮಗಳು, ಜೊತೆಗೆ ನಿಮ್ಮ ಅಮ್ಮ. ಬೇಸಿಗೆ ರಜೆಯಲ್ಲಿ ಕೊಚ್ಚಿಯ ವಂಡರ್‌ಲಾಕ್ಕೋ ಬಿಡದಿಯದಕ್ಕೋ ಹೋಗಿ ಬಂದರೆ ರೈಲು, ರೂಮು, ಟಿಕೆಟ್, ಊಟ ಸೇರಿ ಇಪ್ಪತ್ತೈದು ಸಾವಿರ ದಾಟುತ್ತೆ. ಅಷ್ಟು ದುಡ್ಡು ಹಾಕುವಂಥದ್ದು ಅಲ್ಲಿ ಏನಿದೆ ಅಂತ ಕೇಳಿದ್ದೀರಿ.

ಈ ವರ್ಷ ಬೇಡ. ಮಗಳು ಇನ್ನೊಂದಿಷ್ಟು ಉದ್ದ ಆದ ಮೇಲೆ ಖಂಡಿತ ಹೋಗಿ.

ಇಂಥ ಜಾಗಕ್ಕೆ ಹಾಕಿದ ದುಡ್ಡು ದಂಡ ಅಂತ ನಾನು ಹೇಳುವುದಿಲ್ಲ. ಮಕ್ಕಳ ಜೊತೆ ನಾನೂ ಹೋಗಿದ್ದೇನೆ, ಖುಷಿಪಟ್ಟಿದ್ದೇನೆ. ಆದರೆ ಅಲ್ಲಿ ದುಡ್ಡು ಹೇಗೆ ತೆಗೆದುಕೊಳ್ಳುತ್ತಾರೆ ಅನ್ನೋದನ್ನು ಮೊದಲು ತಿಳಿದುಕೊಳ್ಳಿ. ನಮ್ಮೂರ ಜಾತ್ರೆಯಲ್ಲಿ ತೊಟ್ಟಿಲು ಹತ್ತಿದವರು ಮಾತ್ರ ದುಡ್ಡು ಕೊಡುತ್ತಾರೆ. ಅಜ್ಜಿ ಕೆಳಗೆ ನಿಂತು ನೋಡಿದರೆ ಖರ್ಚಿಲ್ಲ. 1955ರಲ್ಲಿ ಅಮೆರಿಕದಲ್ಲಿ ಡಿಸ್ನಿಲ್ಯಾಂಡ್ ಶುರುವಾದಾಗ ಅಲ್ಲೂ ಒಳಗೆ ಹೋಗಲು ಒಂದು ಟಿಕೆಟ್, ಆಟಕ್ಕೆ ಬೇರೆ ಟಿಕೆಟ್ ಇತ್ತು. 1982ರಲ್ಲಿ ಅದನ್ನು ಬಿಟ್ಟು ಎಲ್ಲಾ ಆಟಕ್ಕೂ ಸೇರಿ ಒಂದೇ ಟಿಕೆಟ್ ಮಾಡಿದರು. ಈಗ ನಮ್ಮ ಕಡೆಯ ದೊಡ್ಡ ಪಾರ್ಕುಗಳಲ್ಲೂ ಹೆಚ್ಚುಕಮ್ಮಿ ಇದೇ ಕ್ರಮ. ಅಂದರೆ ಇಪ್ಪತ್ತು ಆಟ ಆಡುವ ಹುಡುಗನಿಗೂ ಬೆಂಚಿನ ಮೇಲೆ ಬ್ಯಾಗು ಕಾಯುವ ದೊಡ್ಡವರಿಗೂ ಗೇಟಿನಲ್ಲಿ ಟಿಕೆಟ್ ಬೇಕೇ ಬೇಕು. ಹಾಗಾಗಿ ನೋಡಬೇಕಾದ್ದು ಒಂದೇ: ಟಿಕೆಟ್ ತೆಗೆಯುವ ಐದು ಜನರಲ್ಲಿ ನಿಜವಾಗಿ ಆಡುವವರು ಎಷ್ಟು?

ನಿಮ್ಮ ಮನೆಯ ಲೆಕ್ಕ ಹಾಕಿ ನೋಡೋಣ. ಐದು ವರ್ಷದ ಮಕ್ಕಳು ಸಾಮಾನ್ಯವಾಗಿ 110 ಸೆಂಟಿಮೀಟರ್ ಆಸುಪಾಸು ಇರುತ್ತಾರೆ. ಜೋರಾಗಿ ತಿರುಗುವ, ಮೇಲಿಂದ ಬೀಳುವ ಆಟಗಳಿಗೆ ಎತ್ತರದ ಮಿತಿ ಇದ್ದೇ ಇರುತ್ತೆ. ಸಿಂಗಾಪುರದ ಯೂನಿವರ್ಸಲ್‌ನ ದೊಡ್ಡ ರೋಲರ್ ಕೋಸ್ಟರಿಗೆ 125 ಸೆಂಟಿಮೀಟರ್ ಬೇಕು. ನಮ್ಮಲ್ಲೂ ದೊಡ್ಡ ಆಟಗಳಿಗೆ ಮಿತಿ ಇದೇ ಆಸುಪಾಸಿನಲ್ಲಿ ಇರುತ್ತೆ, ಕೆಲವಕ್ಕೆ ಇನ್ನೂ ಜಾಸ್ತಿ. ಇದು ಸುಮ್ನೆ ಮಾಡಿದ ನಿಯಮ ಅಲ್ಲ. ಎದೆಗೆ ಅಡ್ಡ ಬರುವ ಆ ಕಬ್ಬಿಣದ ಪಟ್ಟಿ ಸರಿಯಾದ ಜಾಗದಲ್ಲಿ ಹಿಡಿದುಕೊಳ್ಳಬೇಕಾದರೆ ಮೈ ಅಷ್ಟು ಉದ್ದ ಇರಲೇಬೇಕು. ಹಾಗಾಗಿ ನಿಮ್ಮ ಮಗಳಿಗೆ ಸಿಗುವುದು ಚಿಕ್ಕ ಮಕ್ಕಳ ಆಟಗಳು ಮಾತ್ರ. ಅವಳ ಜೊತೆ ನಿಮ್ಮಿಬ್ಬರಲ್ಲಿ ಒಬ್ಬರು ದಿನವಿಡೀ ಕಟ್ಟಿಬೀಳುತ್ತೀರಿ. ವಂಡರ್‌ಲಾದಲ್ಲಿ ಮಕ್ಕಳ ಟಿಕೆಟ್‌ಗೂ ವಯಸ್ಸು ಕೇಳುವುದಿಲ್ಲ, ಎತ್ತರ ನೋಡುತ್ತಾರೆ. 140 ಸೆಂಟಿಮೀಟರ್ ದಾಟಿದರೆ ದೊಡ್ಡವರ ಟಿಕೆಟ್. ಹನ್ನೊಂದು ವರ್ಷದ ಹುಡುಗರು ಎಷ್ಟೋ ಜನ ಅಷ್ಟು ಉದ್ದ ಇರುತ್ತಾರೆ. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಆ ಅಳತೆ ಕಂಬದ ಹತ್ತಿರ ನಾನು ಒಮ್ಮೆ ನಿಂತು ನೋಡಿದ್ದೇನೆ. ಒಬ್ಬ ಪುಟ್ಟ ಹುಡುಗ ಅಣ್ಣನ ಹಿಂದೆ ಸಾಲಿನಲ್ಲಿ ಬಂದ. ಗೆರೆಗೆ ಎರಡು ಬೆರಳಷ್ಟು ಕಮ್ಮಿ. ಕಾಲಿನ ತುದಿಯಲ್ಲಿ ನಿಂತ, ಕೂದಲು ಮೇಲಕ್ಕೆ ಎಬ್ಬಿಸಿಕೊಂಡ. ಗೇಟಿನ ಹುಡುಗಿ ಮೆತ್ತಗೆ ಅವನ ಹೆಗಲ ಮೇಲೆ ಕೈ ಇಟ್ಟಳು, ಹಿಮ್ಮಡಿ ನೆಲಕ್ಕೆ ಬಂತು. ಅವಳು ಮಾಡಿದ್ದು ಸರಿ. ಆದರೆ ಅಷ್ಟು ದೂರದಿಂದ ಬಂದ ಮಗು ಆಮೇಲೆ ಹೇಗಿರುತ್ತೆ ಅನ್ನೋದು ಅಪ್ಪ ಅಮ್ಮಂದಿರಿಗೆ ಗೊತ್ತಲ್ವಾ. ಅಣ್ಣ ಆಡಿ ಬಂದು ವರ್ಣಿಸಿದಷ್ಟೂ ತಮ್ಮನ ಮುಖ ಬಾಡುತ್ತಾ ಹೋಯಿತು.

ನಮ್ಮ ಕಡೆಯಿಂದ ಹೋಗುವವರಿಗೆ ಪ್ರಯಾಣದ ಸುಸ್ತು ಬೇರೆ. ಕೊಚ್ಚಿಗಾದರೆ ಸಂಜೆ ಮಾವೇಲಿಯೋ ಮಲಬಾರೋ ರೈಲು ಹತ್ತಿದರೆ ಬೆಳಕು ಹರಿಯುವ ಮೊದಲೇ ಎರ್ನಾಕುಳಂ. ಅಲ್ಲಿ ಬೆಳಗಾಗುವ ತನಕ ಕೂರಲು ಒಂದು ರೂಮು ಬೇಕು. ನಿದ್ದೆಗೆಟ್ಟ ಐದು ವರ್ಷದ ಮಗು ಏಪ್ರಿಲ್ ಬಿಸಿಲಿನಲ್ಲಿ ಮಧ್ಯಾಹ್ನದ ತನಕವೂ ತಡೆಯುವುದಿಲ್ಲ. ಹಲವು ಪಾರ್ಕುಗಳಲ್ಲಿ ನೀರಿನ ಆಟ ಶುರುವಾಗುವುದೇ ಮಧ್ಯಾಹ್ನದ ಹೊತ್ತಿಗೆ. ಅಷ್ಟರಲ್ಲಿ ಮಗು ಹೆಗಲ ಮೇಲೆ ಮಲಗಿರುತ್ತೆ.

ಹಾಗಾದರೆ ಈ ವರ್ಷ ಮಕ್ಕಳಿಗೆ ಏನು ಹೇಳುವುದು? ಕಣ್ಣೂರಿನ ಹತ್ತಿರ ಪರಶ್ಶಿನಿಕಡವಿನ ವಿಸ್ಮಯ ಪಾರ್ಕಿಗೆ ಕರೆದುಕೊಂಡು ಹೋಗಿ. ನಮ್ಮ ಕಡೆಯಿಂದ ಬೆಳಿಗ್ಗೆ ಹೊರಟರೆ ರಾತ್ರಿ ಊಟಕ್ಕೆ ಮನೆಗೆ ಬರಬಹುದು. ರೂಮು ಬೇಡ, ರಾತ್ರಿ ರೈಲು ಬೇಡ. ಅದು ಸಹಕಾರಿ ಸಂಘದವರು ನಡೆಸುವ ಪಾರ್ಕು, ಮಳೆನೀರು ಕೂಡಿಟ್ಟು ಬಳಸುತ್ತಾರೆ. ನಾನು ಸಹಕಾರಿ ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಹಾಗಾಗಿ ನನಗೆ ಅದರ ಮೇಲೆ ಸ್ವಲ್ಪ ಪ್ರೀತಿ ಜಾಸ್ತಿ ಇರಬಹುದು. ಆದರೆ ಐದು ವರ್ಷದ ಮಗುವಿಗೆ ಬೇಕಾದ್ದು ಮೊಣಕಾಲುದ್ದ ನೀರು, ಒಂದು ಜಾರುಬಂಡಿ, ತಲೆ ಮೇಲೆ ಸುರಿಯುವ ನೀರು. ಅದು ಎರ್ನಾಕುಳಂ ತನಕ ಹೋದರೂ ಅಷ್ಟೇ, ಇಲ್ಲೂ ಅಷ್ಟೇ.

ನಿಮ್ಮ ಅಮ್ಮನಿಗೂ ಇದೇ ಒಳ್ಳೆಯದು. ಅದೇ ಪರಶ್ಶಿನಿಕಡವಿನಲ್ಲಿ ವಳಪಟ್ಟಣ ಹೊಳೆಯ ದಡದಲ್ಲಿ ಮುತ್ತಪ್ಪನ ಮಡಪ್ಪುರ, ಅಂದರೆ ಮುತ್ತಪ್ಪ ದೇವರ ಗುಡಿ ಇದೆ. ಬೇರೆ ಕಡೆ ತೆಯ್ಯಂ (ನಮ್ಮ ಭೂತಕೋಲದಂಥದ್ದು) ನೋಡಲು ಕಾಲ ಕಾಯಬೇಕು, ಅಲ್ಲಿ ಹೆಚ್ಚುಕಮ್ಮಿ ದಿನವೂ ಇರುತ್ತೆ. ಬಂದವರಿಗೆಲ್ಲ ಬೇಯಿಸಿದ ಅಲಸಂಡೆ ಬೀಜ, ತೆಂಗಿನಕಾಯಿ ಚೂರು, ಚಹಾ ಕೊಡುತ್ತಾರೆ. ಅಮ್ಮ ಅಲ್ಲಿ ನೆಮ್ಮದಿಯಾಗಿ ಕೂತಿರಲಿ, ನೀವು ಮಕ್ಕಳ ಜೊತೆ ನೀರಿಗಿಳಿಯಿರಿ. ಒಂದು ವೇಳೆ ಅವರೂ ನೀರಿಗೆ ಬರುತ್ತೇನೆ ಅಂದರೆ ದಯವಿಟ್ಟು ಬೇಡ ಅನ್ನಬೇಡಿ. ನಮ್ಮ ಅತ್ತೆ ಜೀವನದಲ್ಲಿ ಸೀರೆ ಬಿಟ್ಟು ಬೇರೆ ಉಟ್ಟವರಲ್ಲ. ಅಲೆ ಏಳುವ ಕೊಳದ ಹತ್ತಿರ ಹತ್ತಿಬಟ್ಟೆ ಬಿಡುವುದಿಲ್ಲ ಅಂದಾಗ ಬಾಡಿಗೆಯ ನೈಲಾನ್ ಪ್ಯಾಂಟು ಅಂಗಿ ಹಾಕಿಕೊಂಡು, ಮೊದಲು ನನ್ನ ಬೆನ್ನ ಹಿಂದೆ ಅಡಗಿ ನಡೆದರು. ಮೊದಲ ಅಲೆ ಸೊಂಟಕ್ಕೆ ಬಡಿದಾಗ ನನ್ನ ಕೈ ಬಿಗಿ ಹಿಡಿದರು. ಎರಡನೆಯದಕ್ಕೆ ಬಿಟ್ಟರು. ಆಮೇಲೆ ಅವರನ್ನು ನೀರಿನಿಂದ ಮೇಲೆ ಕರೆಯುವುದೇ ಕಷ್ಟ ಆಯಿತು. ಅವರು ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಮನೆಯಲ್ಲಿ ಯಾವತ್ತೂ ಕೇಳಿರಲಿಲ್ಲ. ಆ ದಿನದ ಟಿಕೆಟ್‌ಗಳಲ್ಲಿ ಅವರದ್ದೇ ಪೂರ್ತಿ ವಸೂಲಾದದ್ದು ಅಂತ ನಾನು ಈಗಲೂ ಹೇಳುತ್ತೇನೆ.

ಬಟ್ಟೆಯ ವಿಷಯ ಬಂತಲ್ಲ, ಅದನ್ನು ಕಾಸರಗೋಡಿನ ಅಂಗಡಿಯಲ್ಲೇ ತೆಗೆದುಕೊಂಡು ಹೋಗಿ. ಒಳಗೆ ಬಾಡಿಗೆ, ಲಾಕರ್, ಊಟ ಅಂತ ಕೈಬಿಟ್ಟು ಹೋಗುವ ದುಡ್ಡೇ ಟಿಕೆಟ್‌ಗಿಂತ ಜಾಸ್ತಿ ಉರಿಸುತ್ತೆ. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ, ಹೊಟ್ಟೆ ತುಂಬಾ ತಿಂದೇ ಒಳಗೆ ಹೋಗಿ.

ಮಗಳು ದೊಡ್ಡವಳಾದ ಮೇಲೆ ಹೋಗುವಾಗ ಬೇಸಿಗೆ ರಜೆ ಬಿಡಿ. ಏಪ್ರಿಲ್ ಮೇ ತಿಂಗಳಲ್ಲಿ ಎರಡು ನಿಮಿಷದ ಆಟಕ್ಕೆ ಒಂದು ಗಂಟೆ ಸಾಲು ನಿಲ್ಲಬೇಕು. ಸಾಲು ತಪ್ಪಿಸುವ ಟಿಕೆಟ್ ತೆಗೆದರೆ ಖರ್ಚು ಸುಮಾರು ಎರಡು ಪಟ್ಟು. ಗಡಿಯಲ್ಲಿರುವ ನಮಗೆ ಬೇರೆ ಒಂದು ದಾರಿ ಇದೆ. ನಮ್ಮ ಮಕ್ಕಳು ಓದುವುದು ಕೇರಳದ ಶಾಲೆಯಲ್ಲಿ, ಓಣಂಗೆ ಹತ್ತು ದಿನದ ಹತ್ತಿರ ರಜೆ. ಆಗ ಬೆಂಗಳೂರಿನ ಶಾಲೆಗಳು ನಡೆಯುತ್ತಿರುತ್ತವೆ. ಕಣ್ಣೂರು ಬೆಂಗಳೂರು ರಾತ್ರಿ ರೈಲು ಹತ್ತಿ, ಗಣೇಶ ಚೌತಿ, ಶನಿವಾರ, ಭಾನುವಾರ ಬಿಟ್ಟು ಒಂದು ಮಂಗಳವಾರವೋ ಬುಧವಾರವೋ ಬಿಡದಿಗೆ ಹೋಗಿ. ಅದೇ ಟಿಕೆಟ್‌ಗೆ ಆಟ ಜಾಸ್ತಿ ಸಿಗುತ್ತೆ, ಮಾಮೂಲಿ ದಿನದ ದರವೂ ಕಮ್ಮಿ ಇರುತ್ತೆ. ಬೆಂಗಳೂರಿನಲ್ಲಿ ಆಗ ತಂಪು ಗಾಳಿ, ನೀರಿನಿಂದ ಎದ್ದ ಮಕ್ಕಳು ನಡುಗುತ್ತಾರೆ. ಒಣ ಬೈರಾಸು ಎರಡೆರಡು ಇರಲಿ.

ಕೊಲ್ಲಿಯಲ್ಲಿ ಭಾವ ಇದ್ದಾರೆ, ಅಬುಧಾಬಿಯ ಫೆರಾರಿ ವರ್ಲ್ಡಿಗೆ ಹೋಗೋಣವಾ ಅಂತಲೂ ಕೇಳಿದ್ದೀರಿ. ಗಂಟೆಗೆ 240 ಕಿಲೋಮೀಟರ್ ವೇಗದ ಕೋಸ್ಟರ್ ಇರುವ ಜಾಗ ಅದು. ಐದು ವರ್ಷದವಳಿಗೆ ಅದರಿಂದ ಏನೂ ಇಲ್ಲ. ಭಾವನ ಮನೆಗೆ ಹೇಗೂ ಹೋಗುವುದಿದ್ದರೆ ಮಗನನ್ನು ಕರೆದುಕೊಂಡು ಹೋಗಿ ಬನ್ನಿ. ಅದಕ್ಕಾಗಿಯೇ ವಿಮಾನ ಹತ್ತಬೇಡಿ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಪ್ರಶ್ನೆಯ ಕೊನೆಯಲ್ಲಿ ಬೇಕಾದರೆ ಬಳೆ ಅಡವಿಟ್ಟಾದರೂ ಹೋಗೋಣ ಅಂತ ಹೆಂಡತಿ ಹೇಳುತ್ತಿದ್ದಾಳೆ ಅಂತ ಬರೆದಿದ್ದೀರಿ. ಚಿನ್ನದ ಸಾಲದ ಕೌಂಟರಿನಲ್ಲಿ ಕೂರುವವಳಾಗಿ ಹೇಳುತ್ತೇನೆ, ಅದು ಬೇಡವೇ ಬೇಡ. ಏಪ್ರಿಲ್‌ನಲ್ಲಿ ಇಟ್ಟ ಚಿನ್ನ ಜೂನ್‌ನಲ್ಲಿ ಬಿಡಿಸಲು ಆಗುವುದಿಲ್ಲ. ಜೂನ್ ಬಂದರೆ ಶಾಲೆ ಶುರು, ಪುಸ್ತಕ, ಕೊಡೆ, ಯೂನಿಫಾರ್ಮು. ಅಡಿಕೆ ತೋಟ ಇದ್ದರೆ ಕೊಳೆರೋಗಕ್ಕೆ ಮದ್ದು ಬಿಡಬೇಕು. ಮೈಲುತುತ್ತು, ಸುಣ್ಣ, ಮರ ಹತ್ತುವವರ ಸಂಬಳ, ಯಾವುದೂ ಕಾಯುವುದಿಲ್ಲ. ಬಡ್ಡಿ ಮಾತ್ರ ಬೆಳೆಯುತ್ತಾ ಹೋಗುತ್ತೆ. ಆ ಮುಖಗಳನ್ನು ನಾನು ಪ್ರತಿ ಮಳೆಗಾಲ ನೋಡುತ್ತೇನೆ, ಅದಕ್ಕೇ ಇಷ್ಟು ಹೇಳುತ್ತಿರುವುದು. ಈಗಿನಿಂದಲೇ ಒಂದು ಸಣ್ಣ ಚಿಟ್ಟಿ ಹಾಕಿ. ಎರಡು ವರ್ಷಕ್ಕೆ ಪ್ರವಾಸದ ದುಡ್ಡು ಸಾಲ ಇಲ್ಲದೆ ಕೈಗೆ ಬರುತ್ತೆ, ಮಗಳಿಗೂ ಏಳು ತುಂಬಿರುತ್ತೆ.

ಆಗಲೂ ಟಿಕೆಟ್ ಬುಕ್ ಮಾಡುವ ಮೊದಲು ಅವಳನ್ನು ಬರಿಗಾಲಿನಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸಿ ಅಳೆಯಿರಿ. ಆ ಪಾರ್ಕಿನ ವೆಬ್‌ಸೈಟಿನಲ್ಲಿ ಯಾವ ಆಟಕ್ಕೆ ಎಷ್ಟು ಎತ್ತರ ಅಂತ ಇರುತ್ತೆ, ಮಗನ ಜೊತೆ ಕೂತು ನೋಡಿ. ಅರ್ಧಕ್ಕಿಂತ ಹೆಚ್ಚು ಆಟ ಅವಳಿಗೆ ಸಿಗುತ್ತೆ ಅಂತಾದರೆ ಬುಕ್ ಮಾಡಿ.