‘ನಮ್ಮ ಕೆಲಸ ಎಲ್ಲಿಗೆ ಬಂತು?’ ಅಂತ ಕಸ್ಟಮರ್ ದಿನಾ ಕೇಳಿದರೆ

ಪ್ರಶ್ನೆ: ನಮ್ಮದು ಮನೆಗಳ ಇಂಟೀರಿಯರ್ ಮಾಡಿಕೊಡುವ ಸಣ್ಣ ಸಂಸ್ಥೆ. ಒಂದು ಮನೆಗೆ ಸುಮಾರು ಮೂರು ತಿಂಗಳು ಹಿಡಿಯುತ್ತದೆ. ಕೆಲಸದ ಬಗ್ಗೆ ದೂರಿಲ್ಲ, ಆದರೆ ದಿನಾ ಫೋನ್ ಮಾಡಿ ‘ಎಲ್ಲಿಗೆ ಬಂತು?’ ಅಂತ ಕೇಳುತ್ತಾರೆ. ಹಂತ ಹಂತವಾಗಿ ತೋರಿಸಿ ಅಂತ ಯಾರೋ ಹೇಳಿದ್ದಕ್ಕೆ 16 ಹಂತಗಳ ಪಟ್ಟಿ ಮಾಡಿ ಕೊಟ್ಟೆವು. ಈಗ ‘ಏಳನೇ ಹಂತ ಯಾಕೆ ಮುಗಿದಿಲ್ಲ?’ ಅಂತ ಫೋನ್ ಬರುತ್ತಿದೆ! ಏನು ಮಾಡಲಿ?

ಉತ್ತರ: ನೀವು ಕಳಿಸಿದ ಪಟ್ಟಿ ಓದಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ‘ಪ್ಲೈವುಡ್ ಆರ್ಡರ್’, ‘ಕಟಿಂಗ್ ಲಿಸ್ಟ್ ರೆಡಿ’, ‘ಸಪ್ಲೈಯರ್ ಬಿಲ್ ಪಾಸ್’ ಇವೆಲ್ಲ ನಿಮ್ಮ ಆಫೀಸಿನ ಗೋಡೆ ಮೇಲೆ ಇರಬೇಕಾದ ಪಟ್ಟಿ. ದಾರಿ ಬದಿಯ ಮೈಲಿಗಲ್ಲಿನಲ್ಲಿ ಮುಂದಿನ ಊರು ಎಷ್ಟು ದೂರ ಅಂತ ಬರೆದಿರುತ್ತದೆ, ರಸ್ತೆಗೆ ಎಷ್ಟು ಲೋಡು ಜಲ್ಲಿ ಹಾಕಿದರು ಅಂತ ಯಾರಾದರೂ ಬರೆಯುತ್ತಾರಾ?

ನಿಮ್ಮ 16ರಲ್ಲಿ ನಾನು ಐದೇ ಉಳಿಸುತ್ತೇನೆ. ಡಿಸೈನ್ ಒಪ್ಪಿದ್ದು, ಬಣ್ಣ ಮತ್ತು ಲ್ಯಾಮಿನೇಟ್ (ಬೋರ್ಡಿನ ಮೇಲೆ ಅಂಟಿಸುವ ಹಾಳೆ) ಆರಿಸಿದ್ದು, ಮಾಲು ಮನೆಗೆ ಬಂದಿದ್ದು, ಫಿಟ್ಟಿಂಗ್ ಮುಗಿದಿದ್ದು, ಕೊನೆಗೆ ಸಣ್ಣಪುಟ್ಟ ತಪ್ಪು ಸರಿ ಮಾಡಿ ಬೀಗದ ಕೈ ವಾಪಸ್ ಕೊಟ್ಟಿದ್ದು. ಒಂದು ಘಟ್ಟ ಸರಿಯಾಗಿದೆಯಾ ಅಂತ ತಿಳಿಯಲು ನನ್ನದೊಂದು ಸುಲಭದ ಪರೀಕ್ಷೆ ಇದೆ: ಸಂಜೆ ಮನೆಯವರು ‘ಇವತ್ತು ಏನಾಯ್ತು?’ ಅಂತ ಕೇಳಿದರೆ ನಿಮ್ಮ ಕಸ್ಟಮರ್ ಒಂದೇ ಮಾತಿನಲ್ಲಿ ಉತ್ತರ ಕೊಡಲು ಆಗಬೇಕು. ‘ಕಟಿಂಗ್ ಲಿಸ್ಟ್ ರೆಡಿಯಾಯ್ತಂತೆ’ ಅಂತ ಯಾರೂ ಹೇಳುವುದಿಲ್ಲ, ಅಲ್ವಾ?

ಪ್ರತಿ ಘಟ್ಟದ ಮುಂದೆ ತಾರೀಖು ಬರೆಯಿರಿ. ಅಷ್ಟರೊಳಗೆ ಅವರು ಏನು ಮಾಡಬೇಕು ಅಂತಲೂ ಬರೆಯಿರಿ. ಇದನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ಲ್ಯಾಮಿನೇಟ್ ಆರಿಸಲು ಅವರೇ ಹತ್ತು ದಿನ ಮಾಡಿದ್ದರೂ ತಡ ಆಗಿದ್ದು ಮಾತ್ರ ನಿಮ್ಮಿಂದ ಅಂತಲೇ ಅವರ ನೆನಪಿನಲ್ಲಿ ಉಳಿಯುತ್ತದೆ, ಯಾಕೆಂದರೆ ಆ ಹತ್ತು ದಿನ ಕೆಲಸ ನಿಂತಿತ್ತು ಅಂತ ಅವರಿಗೆ ಯಾರೂ ಹೇಳಿರುವುದಿಲ್ಲ. ಇನ್ನೊಂದು, ಯಾವ ಘಟ್ಟ ದಾಟಿದ ಮೇಲೆ ಏನನ್ನು ಬದಲಿಸಲು ಆಗುವುದಿಲ್ಲ ಅನ್ನುವುದು. ಬೋರ್ಡ್ ಕತ್ತರಿಸಿದ ಮೇಲೆ ಕಪಾಟಿನ ಅಳತೆ ಬದಲಿಸಿ ಅಂದರೆ ಹೊಸ ಬೋರ್ಡೇ ಬೇಕು. ಇದನ್ನು ಮೊದಲೇ ಹೇಳಿದರೆ ಅದು ಮಾಹಿತಿ, ಆಮೇಲೆ ಹೇಳಿದರೆ ಜಗಳ.

ನಿಮಗೆ ಫೋನ್ ಬರುವುದು ಜಾಸ್ತಿ ಯಾವಾಗ ಅಂತ ನೋಡಿ. ಮಾಲು ಫ್ಯಾಕ್ಟರಿಯಲ್ಲಿ ತಯಾರಾಗುವ ವಾರಗಳಲ್ಲೇ ಇರಬೇಕು. ಮನೆಯಲ್ಲಿ ಏನೂ ಕಾಣುವುದಿಲ್ಲ, ದುಡ್ಡು ಮಾತ್ರ ಕೊಟ್ಟಾಗಿರುತ್ತದೆ. ಡೇವಿಡ್ ಮೈಸ್ಟರ್ ಅನ್ನುವವರು 1985ರಲ್ಲಿ ಕಾಯುವವರ ಮನಸ್ಸಿನ ಬಗ್ಗೆ ಒಂದು ಲೇಖನ ಬರೆದಿದ್ದರು. ಎಷ್ಟು ಹೊತ್ತು ಅಂತ ಗೊತ್ತಿಲ್ಲದೆ ಕಾಯುವುದು, ಯಾಕೆ ಅಂತ ಗೊತ್ತಿಲ್ಲದೆ ಕಾಯುವುದು ಎರಡೂ ಇರುವುದಕ್ಕಿಂತ ಉದ್ದ ಅನ್ನಿಸುತ್ತವೆ ಅಂತ ಅವರು ಹೇಳಿದ್ದು. ಹಾಗಾಗಿ ಪ್ರತಿ ಶುಕ್ರವಾರ ಒಂದು ಮೆಸೇಜ್ ಹಾಕಿ, ಜೊತೆಗೆ ಒಂದು ಫೋಟೋ. ಹೇಳಲು ಏನೂ ಇಲ್ಲದ ವಾರವೂ ‘ಹೊಸದೇನಿಲ್ಲ, 18ನೇ ತಾರೀಖಿಗೇ ಮಾಲು ಬರುತ್ತದೆ’ ಅಂತ ಹಾಕಿ. ಶುಕ್ರವಾರ ಗೊತ್ತಾಗುತ್ತದೆ ಅಂತಾದರೆ ಮಂಗಳವಾರ ಫೋನ್ ಮಾಡುವವರು ಕಮ್ಮಿ. ಪೂರ್ತಿ ನಿಲ್ಲುತ್ತದೆ ಅಂತ ಹೇಳಲಾರೆ, ಕೆಲವರಿಗೆ ಫೋನ್ ಮಾಡುವುದೇ ಅಭ್ಯಾಸ.

ಪ್ರಶ್ನೆ: ಅಂಗಡಿಯವರಿಗೆ ಬಿಲ್ ಮಾಡಲು ಒಂದು ಆ್ಯಪ್ ಮಾಡಿದ್ದೇವೆ. ಜನ ಸೇರಿಕೊಳ್ಳುತ್ತಾರೆ, ಅರ್ಧಕ್ಕೇ ಬಿಡುತ್ತಾರೆ. ‘ನೀವು ಶೇ. 20 ಮುಗಿಸಿದ್ದೀರಿ’ ಅಂತ ತುಂಬುತ್ತಾ ಹೋಗುವ ಒಂದು ಗೆರೆ (ಪ್ರೋಗ್ರೆಸ್ ಬಾರ್) ತೋರಿಸಿದರೆ ಉಳಿಯುತ್ತಾರಾ?

ಉತ್ತರ: ಸ್ವಲ್ಪ ಮಟ್ಟಿಗೆ ಹೌದು. 2006ರಲ್ಲಿ ನ್ಯೂನ್ಸ್ ಮತ್ತು ಡ್ರೇಜ್ ಅನ್ನುವ ಇಬ್ಬರು ಸಂಶೋಧಕರು ಪ್ರಕಟಿಸಿದ ಒಂದು ಪ್ರಯೋಗ ಇದೆ. ಕಾರು ತೊಳೆಯುವ ಕಡೆ 300 ಜನರಿಗೆ, ಪ್ರತಿ ಸಲ ತೊಳೆಸಿದಾಗ ಒಂದು ಸ್ಟ್ಯಾಂಪ್ ಒತ್ತುವ ಕಾರ್ಡು ಹಂಚಿದರು. ಅರ್ಧ ಜನಕ್ಕೆ ಎಂಟು ಚೌಕಗಳ ಖಾಲಿ ಕಾರ್ಡು, ಉಳಿದವರಿಗೆ ಹತ್ತು ಚೌಕಗಳ ಕಾರ್ಡು, ಅದರಲ್ಲಿ ಎರಡಕ್ಕೆ ಮೊದಲೇ ಸ್ಟ್ಯಾಂಪ್ ಒತ್ತಿತ್ತು. ಎರಡೂ ಗುಂಪಿನವರು ಎಂಟು ಸಲವೇ ಕಾರು ತೊಳೆಸಬೇಕು, ಆಮೇಲೆ ಒಂದು ಸಲ ಪುಕ್ಕಟೆ. ಖಾಲಿ ಕಾರ್ಡಿನವರಲ್ಲಿ ಮುಗಿಸಿದ್ದು ಶೇ. 19, ಸ್ಟ್ಯಾಂಪ್ ಇದ್ದವರಲ್ಲಿ ಶೇ. 34. ಶುರುವಾಗಿಬಿಟ್ಟಿದೆ ಅನ್ನಿಸಿದರೆ ಬಿಡಲು ಮನಸ್ಸು ಬರುವುದಿಲ್ಲ.

ಆದರೆ ನಿಮ್ಮ ತೊಂದರೆ ಅದಲ್ಲ ಅಂತ ನನಗನ್ನಿಸುತ್ತದೆ. ಅಂಗಡಿಯ ವಿಳಾಸ, ಲೋಗೋ, ಎಲ್ಲ ಸಾಮಾನಿನ ಪಟ್ಟಿ, ಬ್ಯಾಂಕ್ ವಿವರ ತುಂಬಿದ ಮೇಲೆ ತಾನೆ ನೀವು ಬಿಲ್ ಮಾಡಲು ಬಿಡುವುದು? ಅಷ್ಟೊತ್ತಿಗೆ ಅಂಗಡಿಯಲ್ಲಿ ನಾಲ್ಕು ಜನ ಬಂದು ನಿಂತಿರುತ್ತಾರೆ, ಫೋನು ಪಕ್ಕಕ್ಕೆ ಹೋಗುತ್ತದೆ. ಈ ಕ್ರಮವನ್ನೇ ತಿರುಗಿಸಿ ನೋಡಿ. ಅಂಗಡಿ ಹೆಸರು, ಒಂದು ಸಾಮಾನು, ಅದರ ಬೆಲೆ, ಅಷ್ಟೇ ಕೇಳಿ ಮೊದಲ ಬಿಲ್ ಕೈಗೆ ಬರಲಿ. ಅದೇ ಮೊದಲ ಘಟ್ಟ. ಲೋಗೋ ಮುಂದಿನ ವಾರ ಹಾಕಿಕೊಳ್ಳಲಿ, ಹಾಕದಿದ್ದರೂ ನಡೆಯುತ್ತದೆ. ಎರಡನೆಯದು ಒಂದು ಇಡೀ ದಿನದ ವ್ಯಾಪಾರ ಆ್ಯಪಿನಲ್ಲೇ ಮುಗಿಯುವುದು. ಮೂರನೆಯದು ತಿಂಗಳ ಲೆಕ್ಕ ಒಂದು ಒತ್ತಿಗೆ ಸಿಗುವುದು. ಆ ಲೆಕ್ಕ ನೋಡಿದವರು ಮತ್ತೆ ಪುಸ್ತಕದಲ್ಲಿ ಬರೆಯಲು ಹೋಗುವುದು ಕಷ್ಟ.

ಅಂದಹಾಗೆ, ಏನೂ ಮಾಡದವರಿಗೆ ಸುಮ್ನೆ ಶೇ. 20 ತೋರಿಸಬೇಡಿ. ಹೆಸರು ಹಾಕಿದ್ದು, ಭಾಷೆ ಆರಿಸಿದ್ದು ಲೆಕ್ಕಕ್ಕೆ ಹಿಡಿಯಿರಿ, ಆಗ ಅದು ಸುಳ್ಳಲ್ಲ.

ಪ್ರಶ್ನೆ: ಹೇಳಿದ ತಾರೀಖು ತಪ್ಪುತ್ತದೆ ಅನ್ನಿಸಿದರೆ ತಕ್ಷಣ ಹೇಳಬೇಕಾ, ಹೇಗಾದರೂ ಆದೀತು ಅಂತ ಕಾಯಬಹುದಾ?

ಉತ್ತರ: ಗೊತ್ತಾದ ದಿನವೇ ಹೇಳಿ, ಮೆಸೇಜ್ ಬೇಡ, ಫೋನ್ ಮಾಡಿ. ಹೊಸ ತಾರೀಖು ಕೊಡುವಾಗ ನಿಮ್ಮ ಕೆಲಸಗಾರರು ಹೇಳಿದ ದಿನಕ್ಕೆ ಇನ್ನೂ ಮೂರು ದಿನ ಸೇರಿಸಿಯೇ ಹೇಳಿ. ಒಂದು ಸಲ ಮುಂದೆ ಹೋದರೆ ಜನ ಗೊಣಗಿ ಸುಮ್ಮನಾಗುತ್ತಾರೆ, ಎರಡನೇ ಸಲಕ್ಕೆ ಬೇರೆಯವರನ್ನು ಹುಡುಕಲು ಶುರು ಮಾಡಿರುತ್ತಾರೆ.