ಓದುಗರ ಪ್ರಶ್ನೆ: ಆರು ಸೆಲ್‌ಗಳ ಬ್ಯಾಟರಿ, 13.8 ವೋಲ್ಟ್‌ನ ಆಂಪ್ಲಿಫೈಯರ್

ಪ್ರಶ್ನೆ: ಆರು ಲಿಥಿಯಂ-ಅಯಾನ್ ಸೆಲ್‌ಗಳನ್ನು ಸರಣಿಯಲ್ಲಿ ಜೋಡಿಸಿದ ಬ್ಯಾಟರಿಯಿಂದ, 13.8 ವೋಲ್ಟ್ ಬೇಡುವ 100 ವಾಟ್‌ಗಳ ಹ್ಯಾಂ ರೇಡಿಯೋ ಆಂಪ್ಲಿಫೈಯರನ್ನು ಬಯಲಿನಲ್ಲಿ ನಡೆಸಬೇಕೆಂದಿದ್ದೇನೆ. ಲೀನಿಯರ್ ರೆಗ್ಯುಲೇಟರ್ ಸಾಕೇ, ಸ್ಟೆಪ್‌ಡೌನ್ ಕನ್ವರ್ಟರೇ ಬೇಕೇ? ಕನ್ವರ್ಟರಿನಿಂದ ರಿಸೀವರಿನಲ್ಲಿ ಗದ್ದಲ ಹೆಚ್ಚುತ್ತದೆ ಎನ್ನುವುದು ನಿಜವೇ?

ಉತ್ತರ: ಆಂಪ್ಲಿಫೈಯರಿನ ದಕ್ಷತೆ ಶೇಕಡಾ 50 ಎಂದಿಟ್ಟುಕೊಂಡರೆ, 100 ವಾಟ್ ಹೊರಬರಲು 200 ವಾಟ್ ಒಳಹೋಗಬೇಕು, 13.8 ವೋಲ್ಟ್‌ನಲ್ಲಿ ಅದು ಸುಮಾರು 14.5 ಆಂಪಿಯರ್. ನಿಮ್ಮ ಬ್ಯಾಟರಿ ಪೂರ್ತಿ ಚಾರ್ಜ್ ಆದಾಗ 25.2 ವೋಲ್ಟ್ ಇರುತ್ತದೆ. ಹೆಚ್ಚುವರಿ 11.4 ವೋಲ್ಟನ್ನು ಲೀನಿಯರ್ ರೆಗ್ಯುಲೇಟರ್ ಶಾಖವಾಗಿಯೇ ಕಳೆಯುವುದರಿಂದ 165 ವಾಟ್ ವ್ಯರ್ಥವಾಗುತ್ತದೆ, ಅಂದರೆ ಆಂಟೆನಾಗೆ ಹೋಗುವುದಕ್ಕಿಂತ ಹೀಟ್‌ಸಿಂಕಿಗೆ ಹೋಗುವುದೇ ಹೆಚ್ಚು. ಸ್ವಿಚ್ಚನ್ನು ಅತಿವೇಗವಾಗಿ ಹಾಕಿ ತೆಗೆದು ವೋಲ್ಟೇಜ್ ಇಳಿಸುವ, ಶೇಕಡಾ 92ರಷ್ಟು ದಕ್ಷತೆಯ ಸ್ಟೆಪ್‌ಡೌನ್ ಕನ್ವರ್ಟರ್ ಇದೇ ಕೆಲಸಕ್ಕೆ ಸುಮಾರು 17 ವಾಟನ್ನಷ್ಟೇ ಕಳೆಯುತ್ತದೆ. ಆದ್ದರಿಂದ ಲೀನಿಯರ್ ರೆಗ್ಯುಲೇಟರಿನ ಆಲೋಚನೆಯನ್ನು ಕೈಬಿಡಿ.

ಕನ್ವರ್ಟರ್ ಸ್ಥಿರವಾದ ಶಕ್ತಿಯನ್ನು ಬೇಡುವ ಸಾಧನವಾದ್ದರಿಂದ ಬ್ಯಾಟರಿ ಇಳಿದಂತೆಲ್ಲ ಒಳಬರುವ ಕರೆಂಟ್ ಏರುತ್ತದೆ: 22.2 ವೋಲ್ಟ್‌ನಲ್ಲಿ 9.8 ಆಂಪಿಯರ್ ಇದ್ದದ್ದು 18 ವೋಲ್ಟ್‌ನಲ್ಲಿ 12 ಆಂಪಿಯರ್ ಆಗುತ್ತದೆ. ತಂತಿಯ ದಪ್ಪವನ್ನು ಈ ಎರಡನೆಯ ಅಂಕಿಗೆ ತಕ್ಕಂತೆ ಆರಿಸಿ. ಕನ್ವರ್ಟರ್ ಕನಿಷ್ಠ 20 ಆಂಪಿಯರನ್ನು ಸತತವಾಗಿ ಕೊಡುವಂತಿರಲಿ. ಅಗ್ಗದ ಮಾಡ್ಯೂಲುಗಳ ಮೇಲೆ ಬರೆದಿರುವ ಗರಿಷ್ಠ ಅಂಕಿಯನ್ನು ನಾನಂತೂ ನಂಬುವುದಿಲ್ಲ. ಚಿಕ್ಕ ಮಾಡ್ಯೂಲುಗಳನ್ನು ಸಮಾಂತರವಾಗಿ ಜೋಡಿಸಿದರೆ ಅವು ಹೊರೆಯನ್ನು ಸಮನಾಗಿ ಹಂಚಿಕೊಳ್ಳದೆ ಒಂದೇ ಮಾಡ್ಯೂಲ್ ಬಿಸಿಯಾಗಿ ಕೆಡುತ್ತದೆ.

ಗದ್ದಲದ ಮಾತು ನಿಜ. ಕನ್ವರ್ಟರಿನೊಳಗಿನ ಸ್ವಿಚ್ 150 ಕಿಲೋಹರ್ಟ್ಸ್‌ನಲ್ಲಿ ಆಡುತ್ತಿದ್ದರೆ ಅದರ ಗುಣಕಗಳೆಲ್ಲ 150 ಕಿಲೋಹರ್ಟ್ಸ್ ಅಂತರದಲ್ಲಿ ಶಾರ್ಟ್‌ವೇವ್ ಉದ್ದಕ್ಕೂ ಕಾಣಿಸಿಕೊಳ್ಳುತ್ತವೆ. 47ನೆಯದು ಸರಿಯಾಗಿ 7.05 ಮೆಗಾಹರ್ಟ್ಸ್‌ನಲ್ಲಿ, ಅಂದರೆ 40 ಮೀಟರ್ ಬ್ಯಾಂಡಿನ ಒಳಗೇ, ಬಂದು ಕೂರುತ್ತದೆ. ಬಿಸಿ ಏರಿಳಿದಂತೆ ಸ್ವಿಚಿನ ಆವರ್ತನ ಸರಿಯುವುದರಿಂದ ಈ ಶಿಳ್ಳೆಯೂ ಸ್ಥಳ ಬದಲಿಸುತ್ತಿರುತ್ತದೆ. ಈ ಗದ್ದಲದ ಬಹುಪಾಲು ಹೊರಗೆ ಬರುವುದು ತಂತಿಗಳ ಮೂಲಕ, ಏಕೆಂದರೆ ಕನ್ವರ್ಟರಿಗೆ ತಾಗಿದ ತಂತಿಗಳೇ ಆಂಟೆನಾದಂತೆ ವರ್ತಿಸುತ್ತವೆ. ಆದ್ದರಿಂದ ಕನ್ವರ್ಟರನ್ನು ಲೋಹದ ಪೆಟ್ಟಿಗೆಯಲ್ಲಿಟ್ಟು, ಧನ ಮತ್ತು ಋಣ ತಂತಿಗಳೆರಡನ್ನೂ ಒಟ್ಟಿಗೆ ಹಿಡಿದು ಫೆರೈಟ್ ಉಂಗುರಕ್ಕೆ (ರೇಡಿಯೋ ಆವರ್ತನದ ಗದ್ದಲವನ್ನು ತಡೆಯುವ ಕಾಂತೀಯ ಉಂಗುರ) ಹಲವು ಸುತ್ತು ಹಾಕಬೇಕು. ಒಳಬರುವ ಬದಿಗೂ ಹೊರಹೋಗುವ ಬದಿಗೂ ಇದು ಬೇಕು. ಒಂದೇ ತಂತಿಯನ್ನು ಸುತ್ತಿದರೆ 14 ಆಂಪಿಯರ್ ಕರೆಂಟಿಗೆ ಫೆರೈಟ್ ಸಂತೃಪ್ತವಾಗಿ (ಅದರ ಕಾಂತತ್ವ ಗರಿಷ್ಠ ಮಿತಿ ಮುಟ್ಟಿ) ಪ್ರಯೋಜನಕ್ಕೆ ಬಾರದು. ಇಷ್ಟಾದರೂ ಶಿಳ್ಳೆ ಉಳಿದರೆ, ರಿಸೀವರನ್ನು ಪ್ರತ್ಯೇಕವಾದ ಚಿಕ್ಕ ಬ್ಯಾಟರಿಯಿಂದ ನಡೆಸಿ, ಮಾತನಾಡುವಾಗ ಮಾತ್ರ ಕನ್ವರ್ಟರ್ ಚಾಲೂ ಆಗುವಂತೆ ಮಾಡಬಹುದು. ಆದರೆ ಅದು ಪೂರ್ಣ ವೋಲ್ಟೇಜಿಗೆ ಬಂದ ನಂತರವೇ ಆಂಪ್ಲಿಫೈಯರಿಗೆ ಸಿಗ್ನಲ್ ಹೋಗಬೇಕು.

ಇದಕ್ಕೆ ವಿರುದ್ಧ ದಿಕ್ಕಿನ ತೊಂದರೆಯೂ ಇದೆ. ಪ್ರಸಾರದ ಸಮಯದಲ್ಲಿ ರೇಡಿಯೋ ಶಕ್ತಿ ಕನ್ವರ್ಟರಿನ ಫೀಡ್‌ಬ್ಯಾಕ್ ಭಾಗಕ್ಕೆ (ಹೊರಬರುವ ವೋಲ್ಟೇಜನ್ನು ಅಳೆದು ಸರಿಪಡಿಸುವ ಭಾಗ) ನುಗ್ಗಿದರೆ ಹೊರಬರುವ ವೋಲ್ಟೇಜ್ ಅಳತೆ ತಪ್ಪುತ್ತದೆ. ಡಮ್ಮಿ ಲೋಡ್ (ಆಂಟೆನಾ ಬದಲು ಶಕ್ತಿಯನ್ನು ಶಾಖವಾಗಿ ಕಳೆಯುವ ರೆಸಿಸ್ಟರ್) ಹಾಕಿದಾಗ ಸರಿಯಿದ್ದು, ಆಂಟೆನಾ ಹಾಕಿದಾಗ ಮಾತ್ರ ವೋಲ್ಟೇಜ್ ಕುಣಿದರೆ ಕಾರಣ ಇದೇ ಎಂದು ತಿಳಿಯಬಹುದು.

ಬ್ಯಾಟರಿಯನ್ನು ಇನ್ನೂ ಕೊಂಡಿಲ್ಲವಾದರೆ ನಾಲ್ಕು ಲಿಥಿಯಂ ಐರನ್ ಫಾಸ್ಫೇಟ್ ಸೆಲ್‌ಗಳ ಸರಣಿಯನ್ನು ಆರಿಸಿ. ಅದರ ಸಾಮಾನ್ಯ ವೋಲ್ಟೇಜ್ 12.8, ಪೂರ್ತಿ ಚಾರ್ಜ್ ಆದಾಗ 14.6. ಆಂಪ್ಲಿಫೈಯರ್ ಈ ಮಿತಿಯನ್ನು ಒಪ್ಪುವುದಾದರೆ ಕನ್ವರ್ಟರೇ ಬೇಡ.

ಈಗಿರುವ ಬ್ಯಾಟರಿಯನ್ನೇ ಬಳಸುವುದಾದರೆ ಒಂದು ರಕ್ಷಣೆಯನ್ನು ಮಾತ್ರ ಬಿಡಬೇಡಿ. ಕನ್ವರ್ಟರಿನಲ್ಲಿ ಬ್ಯಾಟರಿಯ ಬದಿಗಿರುವ ಸ್ವಿಚ್ ಟ್ರಾನ್ಸಿಸ್ಟರ್ ಶಾರ್ಟ್ ಆಗಿ ಕೆಟ್ಟರೆ ಬ್ಯಾಟರಿಯ 25 ವೋಲ್ಟ್ ನೇರವಾಗಿ ಆಂಪ್ಲಿಫೈಯರಿಗೆ ಹೋಗಿ, ಅದರ ದುಬಾರಿ ಟ್ರಾನ್ಸಿಸ್ಟರುಗಳು ಕ್ಷಣದಲ್ಲಿ ಸುಡುತ್ತವೆ. ಹೊರಬದಿಯಲ್ಲಿ 15.5 ವೋಲ್ಟ್ ಆಸುಪಾಸಿನಲ್ಲಿ ಎಸ್‌ಸಿಆರ್ (ಒಮ್ಮೆ ಹೊತ್ತಿದರೆ ಕರೆಂಟ್ ಹರಿಸುತ್ತಲೇ ಇರುವ ಎಲೆಕ್ಟ್ರಾನಿಕ್ ಸ್ವಿಚ್) ಹೊತ್ತಿಸಿ ಹೊರಬದಿಯನ್ನು ಶಾರ್ಟ್ ಮಾಡುವ ಕ್ರೋಬಾರ್ ಸರ್ಕ್ಯೂಟನ್ನೂ, ಆಗ ಸುಟ್ಟು ಬ್ಯಾಟರಿಯನ್ನು ಬೇರ್ಪಡಿಸುವಂತೆ ಅದರ ಧನ ತುದಿಯ ಪಕ್ಕದಲ್ಲೇ ಫ್ಯೂಸನ್ನೂ ಹಾಕಿ. ಆಂಪ್ಲಿಫೈಯರ್ ಜೋಡಿಸುವ ಮೊದಲು, ಕರೆಂಟ್ ಮಿತಿ ಇರುವ ಪ್ರಯೋಗಶಾಲೆಯ ಪವರ್ ಸಪ್ಲೈನಿಂದ ವೋಲ್ಟೇಜನ್ನು ನಿಧಾನವಾಗಿ ಏರಿಸಿ, ಕ್ರೋಬಾರ್ ಎಷ್ಟು ವೋಲ್ಟ್‌ಗೆ ಹೊತ್ತುತ್ತದೆಂದು ಅಳೆದುಕೊಳ್ಳಿ.