ಗರಡಿ ಹುಡುಗ ಜೂಡೋಗೆ ಹೋದರೆ?

ಪ್ರಶ್ನೆ: ಮಗ ಚಿಕ್ಕಂದಿನಿಂದ ಗರಡಿಗೆ ಹೋಗುತ್ತಿದ್ದಾನೆ. ಈಗ ಜೂಡೋ ಕಲಿಯುತ್ತೇನೆ ಅಂತಾನೆ. ಎರಡೂ ಹಿಡಿದು ಬೀಳಿಸುವುದೇ ಅಲ್ವಾ? ಕಲಿತದ್ದು ಉಪಯೋಗಕ್ಕೆ ಬರುತ್ತದೆಯೇ?
– ಒಬ್ಬ ತಾಯಿ, ಮೈಸೂರು

ಉತ್ತರ: ಖಂಡಿತ ಬರುತ್ತದೆ, ಕಳಿಸಿ. ನಾನೂ ಮೈಸೂರಿನ ಗರಡಿ ಮಣ್ಣಿನಲ್ಲೇ ಬೆಳೆದವನು, ಆಮೇಲೆ ಜೂಡೋ ಮ್ಯಾಟ್ ಹತ್ತಿದೆ. ದಂಡ, ಬಸ್ಕಿ ಹೊಡೆದು ಗಟ್ಟಿಯಾದ ಸೊಂಟ, ತೊಡೆ ಅಲ್ಲಿ ತುಂಬಾ ನೆರವಾದವು.

ಕೈಗಳಿಗೆ ಮಾತ್ರ ಹೊಸ ಪಾಠ. ಕುಸ್ತಿಯಲ್ಲಿ ಬೆವರಿದ ಮೈ ಜಾರುತ್ತದೆ. ಕತ್ತು, ಮಣಿಕಟ್ಟು, ಕಾಲು ಹಿಡಿಯುತ್ತೇವೆ. ಜೂಡೋದಲ್ಲಿ ದಪ್ಪ ಅಂಗಿಯ ಕಾಲರ್, ತೋಳು ಹಿಡಿದು ಎಳೆಯಬೇಕು. ಮೊದಮೊದಲು ಬೆರಳು ಉರಿಯುತ್ತವೆ. ನಿಂತು ಆಡುವಾಗ ಕೈಯಿಂದ ಕಾಲು ಹಿಡಿಯುವುದನ್ನು ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ 2013ರಲ್ಲಿ ಪೂರ್ತಿ ನಿಲ್ಲಿಸಿದರು. ಗರಡಿ ಹುಡುಗರಿಗೆ ಇದು ಜಾಸ್ತಿ ಕಷ್ಟ, ಕೈ ತಾನಾಗೇ ಕಾಲಿಗೆ ಹೋಗುತ್ತದೆ.

ದೊಡ್ಡ ವ್ಯತ್ಯಾಸ ಬೀಳುವುದರಲ್ಲಿದೆ. ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಚಿತ್, ಅಂದರೆ ಸೋತಂತೆ. ಹಾಗಾಗಿ ಪೈಲ್ವಾನ ಬೀಳುವಾಗಲೇ ಹೊರಳಿ ಬೋರಲಾಗುತ್ತಾನೆ. ಜೂಡೋದಲ್ಲಿ ಮೊದಲು ಕಲಿಸುವುದೇ ಬೆನ್ನ ಮೇಲೆ ಬೀಳುವುದನ್ನು: ಗದ್ದ ಎದೆಗೆ ಒತ್ತಿ, ತೋಳು ಚಾಚಿ ಮ್ಯಾಟಿಗೆ ಬಡಿಯಬೇಕು. ಇದನ್ನು ತಾಳ್ಮೆಯಿಂದ ಕಲಿಸುವ ಗುರುವನ್ನೇ ಹುಡುಕಿ. ಗರಡಿಯನ್ನೂ ಬಿಡಿಸಬೇಡಿ, ವಾರಕ್ಕೊಮ್ಮೆಯಾದರೂ ಗರಡಿ ಮಣ್ಣಿಗೆ ಇಳಿಯಲಿ.